ಗೀಟು, ಪಕ್ಕದಲ್ಲೊಂದು ಡಬ್ಲ್ಯು

ಹೆಣ್ಣು ನೋಡಲು ಗಂಡಿನ ಕಡೆಯವರು ಬರುವ ಹೊತ್ತು ಹತ್ತಿರವಾಗುತ್ತಿದೆ. ಕೇಸರಿಬಾತಿಗೆ ರವೆ ಹುರಿದಾಗಿದೆ. ಹೆಣ್ಣು ಮಾತ್ರ ಮನೆಯಲ್ಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಮ್ಮಮ್ಮ ಫೋನ್ ಮಾಡಿಸಿದರು. ಬಸವೇಶ್ವರನಗರದ ಎದುರು ಮನೆಯವರ ಫೋನಿನಿಂದ ರಾಜಾಜಿನಗರದ ನನ್ನ ಪಕ್ಕದ ಮನೆಯವರ ಫೋನಿಗೆ. (ನಮ್ಮ ಎರಡು ಮನೆಯಲ್ಲೂ ಫೋನಿಲ್ಲ. ನನ್ನ ಗ್ಯಾಸ್ ಸಿಲಿಂಡರೂ ಇನ್ನೂ ಬಂದಿಲ್ಲ. ಹೋದ ವಾರದ ಅಂಕಣ ಓದಿ ವಿಚಾರಿಸಿಕೊಂಡ ಎಲ್ಲರಿಗೂ ಸೀಮೆಎಣ್ಣೆ ಸ್ಟವ್ ಮುಂದಿನಿಂದಲೇ ನಮಸ್ಕಾರ.) ಪಕ್ಕದ ಮನೆಯ ಆಂಟಿ ಕಾಂಪೌಂಡ್ ಹತ್ತಿರ ಬಂದು, "ನಿಮ್ಮ ತಂಗಿ ಆಫೀಸಿಂದ ಇನ್ನೂ ಬಂದಿಲ್ವಂತೆ. ನೀವು ಹೋಗಿ ಕರ್ಕೊಂಡು ಬರಬೇಕಂತೆ" ಎಂದರು. ಅಮ್ಮ ಅಷ್ಟಕ್ಕೇ ನಿಲ್ಲಿಸಿರಲಾರರು. ಜೊತೆಗೆ ನನಗೂ ಸುಮಾಗೂ ಒಂದಿಷ್ಟು ಬೈಗುಳ ಇದ್ದೇ ಇರಬೇಕು. ಆಂಟಿ ಒಳ್ಳೆಯವರು, ಅದನ್ನು ತಾವೇ ಇಟ್ಟುಕೊಂಡರು.

ಸುಮಾ ನನ್ನ ತಂಗಿ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುತ್ತಾರೆ. ಇವಳು ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಂ ಬರೆಯುತ್ತಾಳೆ. ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದ ಹುಡುಗಿ, ಆ ಕೆಲಸದ ಸುದ್ದಿ ತೆಗೆದರೆ ಮಾತ್ರ ಸಾರು ತಣ್ಣಗಾಗುವವರೆಗೂ ಹೇಳುತ್ತಾಳೆ. ಮದುವೆಯ ಪ್ರಸ್ತಾಪ ಬಂದಾಗಲೆಲ್ಲ ಅವಳದು ಒಂದೇ ಪಟ್ಟು. ಕೆಲಸ ಬಿಡಲ್ಲ. ಈ ಪಟ್ಟಿಗೆ ಒಳ್ಳೊಳ್ಳೆಯ ಸಂಬಂಧಗಳು ಬಾಗಿಲವರೆಗೆ ಬಂದು ತಿರುಗಿ ಹೋಗಿವೆ. ಅಮ್ಮ ದೇವರಿಗೆ ಹೇಳಿಕೊಂಡರು. ಅಪ್ಪ ಸುಂಕದಕಟ್ಟೆ ಅತ್ತೆಗೆ ಹೇಳಿದರು.

ಸುಂಕದಕಟ್ಟೆ ಅತ್ತೆ ನಮ್ಮಪ್ಪನ ಅಕ್ಕ. ನಮ್ಮ ಬಳಗದಲ್ಲಿ ಯಾವ ಮದುವೆಯೂ ಅವರ ಕೈ ತಾಗದೆ ನಡೆದಿಲ್ಲ. ಎರಡು ಕಡೆಯ ಮನೆಗೂ ಓಡಾಡಿ, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿ, ಕೊನೆಗೆ ಲಗ್ನಪತ್ರಿಕೆ ಬರೆಸಿಯೇ ಎಲೆ ಅಡಿಕೆ ಹಾಕಿಕೊಳ್ಳುವವರು. ನನ್ನ ಮದುವೆಯೂ ಅವರದೇ ಕೈಗುಣ. ನಮ್ಮ ಯಜಮಾನರ ಬಗ್ಗೆ ಅತ್ತೆ ಆಗ ಹೇಳಿದ್ದು, "ಹುಡುಗ ಗಂಭೀರ." ಭಾನುವಾರ ಪೂರ್ತಿ ಕಾದು ಕೂತರೂ ಆ ಬಾಯಿಂದ ಒಂದು ವಾಕ್ಯ ಉದುರುವುದಿಲ್ಲ ಎಂದು ಅವರು ಹೇಳಿರಲಿಲ್ಲ.

ಈ ಸಲ ಅತ್ತೆ ತಂದದ್ದು ವಿಜಯನಗರದ ಹುಡುಗ. ಹೆಸರು ಪ್ರಭಾಕರ, ಸರ್ಕಾರಿ ಇಂಜಿನಿಯರ್, ಮನೆಯಲ್ಲಿ ತಾಯಿ ಮಗ ಇಬ್ಬರೇ. "ಕೆಲಸಕ್ಕೆ ಹೋಗಲಿ ಅಂದ್ರು ಕಣೋ. ಬೇಡ ಅನ್ನೋ ಜನ ಅಲ್ಲ ಅವರು" ಎಂದು ಅತ್ತೆ ಅಪ್ಪನಿಗೆ ಹೇಳಿದಾಗ ಸುಮಾ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅವತ್ತು ಸಂಜೆ ತಾನೇ ಹೋಗಿ ಹೂವು ತಂದಳು. ಅಷ್ಟು ಸಾಕಾಯಿತು ಅಮ್ಮನಿಗೆ.

ಹೀಗೆ ಹೋದ ಶನಿವಾರದ ಉರಿಬಿಸಿಲಿನಲ್ಲಿ ನಾನು ಕಾರ್ಖಾನೆಯ ಗೇಟಿನ ಮುಂದೆ ನಿಂತೆ. ವಾಚ್‌ಮನ್ ನನ್ನ ಮುಖ ನೋಡಿ, "ಸುಮಾ ಮೇಡಂ ಅಕ್ಕ ಅಲ್ವಾ? ಹೋಗಿ, ಚಪ್ಪಲಿ ಮಾತ್ರ ಹೊರಗೆ ಬಿಡಿ" ಎಂದ.

ಅದೇನು ಜಾಗವೋ ಅದು. ಕಂಪ್ಯೂಟರ್ ಇರುವ ಕೋಣೆಗೆ ಎಲ್ಲರೂ ಬರಿಗಾಲಲ್ಲೇ ಹೋಗಬೇಕು. ಧೂಳು ಒಳಗೆ ಹೋದರೆ ಆಗುವುದಿಲ್ಲವಂತೆ. ಬಾಗಿಲಾಚೆ ಮ್ಯಾನೇಜರರ ಬೂಟೂ ತಂಗಿಯ ಚಪ್ಪಲಿಯೂ ಪಕ್ಕಪಕ್ಕದಲ್ಲಿ ಇದ್ದವು. ಒಳಗೆ ಕಾಲಿಟ್ಟರೆ ಲೇತುಗಳ ಕಿರುಚಾಟವೆಲ್ಲ ಹಿಂದೆ ಉಳಿದು, ಒಂದು ಸಣ್ಣ ಗುಂಯ್ ಸದ್ದು ಮಾತ್ರ. ಬೇಸಿಗೆಯಲ್ಲೂ ಮೈ ನಡುಗುವಂಥ ತಂಪು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ತಮ್ಮಷ್ಟಕ್ಕೆ ಬರುತ್ತಿದ್ದವು, ಹೋಗುತ್ತಿದ್ದವು. ಹೊರಗೆ ಬಿಸಿಲಿದೆ, ಸಂಜೆ ಗಂಡಿನವರು ಬರುತ್ತಾರೆ ಎನ್ನುವುದೆಲ್ಲ ಯಾರೋ ಬೇರೆಯವರ ಮನೆಯ ಸಂಗತಿ ಅನ್ನಿಸಿತು.

"ಐದೇ ನಿಮಿಷ ಅಕ್ಕ" ಎಂದಳು ಸುಮಾ, ತಿರುಗಿ ನೋಡದೆ.

ನಾನು ತಿರುಗುವ ಕುರ್ಚಿಯಲ್ಲಿ ಕೂತೆ. ಸೆರಗು ಹೊದ್ದುಕೊಂಡೆ. ಏನು ತೊಂದರೆ ಎಂದು ಕೇಳಿದ್ದೇ ತಪ್ಪಾಯಿತು, ಅವಳು ಶುರು ಮಾಡಿದಳು.

ಕಾರ್ಖಾನೆಯ ಗೋದಾಮಿನಲ್ಲಿ ಯಾವ ಸಾಮಾನು ಎಷ್ಟಿದೆ ಎಂದು ಹೇಳುವ ಪ್ರೋಗ್ರಾಂ ಅದು. ಸುಮಾ ಬರೆದದ್ದು. ಅಲ್ಲಿ ಗೇರ್ ಕವರ್ ಲೆಫ್ಟ್ ಅಂತ ಒಂದಿದೆ, ಗೇರ್ ಕವರ್ ರೈಟ್ ಅಂತ ಇನ್ನೊಂದಿದೆ. ಇವಳ ರಿಪೋರ್ಟಿನಲ್ಲಿ ಎರಡೂ ಬರೀ ಗೇರ್ ಕವರ್ ಆಗಿ ಬಂದಿವೆ. ಅದನ್ನು ನಂಬಿ ಗೋದಾಮಿನವರು ಎಡದ್ದು ಕೇಳಿದ ಕಡೆಗೆ ಬಲದ್ದು ಕಳಿಸಿದ್ದಾರೆ. ಮ್ಯಾನೇಜರ್ ಬೆಳಿಗ್ಗೆಯೇ ಬಂದು, ಇವತ್ತು ಸರಿಮಾಡಿಯೇ ಹೋಗಿ ಎಂದಿದ್ದಾರೆ.

"ಪ್ರೋಗ್ರಾಂ ಏನೋ ಓಡುತ್ತೆ. ಒಂದು ಎರರ್ ಇಲ್ಲ. ಆದ್ರೂ ಹೆಸರಿನ ಬಾಲ ಕತ್ತರಿಸಿ ಹೋಗಿದೆ. ಎಲ್ಲಿ ಕತ್ತರಿಸ್ತಿದೆ ಅಂತಾನೇ ಗೊತ್ತಾಗ್ತಿಲ್ಲ."

ನೀವು ಪುಟ ತಿರುಗಿಸಬೇಡಿ. ನನಗೆ ಅರ್ಥವಾದದ್ದನ್ನು ಅಡುಗೆಮನೆ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಪ್ರೋಗ್ರಾಂ ಬರೆಯುವುದು ಒಂದು ಭಾಷೆಯಲ್ಲಿ. ಗೋದಾಮಿನ ಲೆಕ್ಕವೆಲ್ಲ ಇರುವ ಡೇಟಾಬೇಸ್ ಎಂಬ ಕಣಜವನ್ನು ಕೇಳುವುದು ಇನ್ನೊಂದು ಭಾಷೆಯಲ್ಲಿ. ಸುಮಾ ಎರಡನ್ನೂ ಬೆರೆಸಿ ಬರೆಯುತ್ತಾಳೆ, ನಾವು ಕನ್ನಡದ ನಡುವೆ ಇಂಗ್ಲಿಷ್ ಹಾಕುವ ಹಾಗೆ. ಹೀಗೆ ಬೆರೆಸಿದ್ದು ಮಿಷನ್ನಿಗೆ ಅರ್ಥವಾಗುವುದಿಲ್ಲ. ಅದಕ್ಕೇ ನಡುವೆ ಒಬ್ಬ ದಲ್ಲಾಳಿ ಕೂತಿದ್ದಾನೆ. ಪ್ರಿಪ್ರೊಸೆಸರ್ ಅಂತ ಅವನ ಹೆಸರು. ಇವಳು ಬರೆದದ್ದನ್ನು ಅವನು ಮೊದಲು ಓದುತ್ತಾನೆ, ಕಣಜಕ್ಕೆ ಕೇಳಿದ ಸಾಲುಗಳನ್ನೆಲ್ಲ ಮಿಷನ್ನಿಗೆ ತಿಳಿಯುವ ಹಾಗೆ ತಿದ್ದಿ ಬರೆದು ಮುಂದಕ್ಕೆ ದಾಟಿಸುತ್ತಾನೆ.

ಈ ದಲ್ಲಾಳಿಯನ್ನು ಕರೆಯುವುದಕ್ಕೂ ಒಂದು ಕ್ರಮವಿದೆ. ಅವನ ಹೆಸರು ಹೊಡೆದು, ಪಕ್ಕದಲ್ಲಿ ಒಂದು ಸಣ್ಣ ಗೀಟು ಹಾಕಿ, ಅದಕ್ಕೆ ಅಂಟಿದ ಹಾಗೆ ಒಂದು ಅಕ್ಷರ ಬರೆಯಬೇಕು. ಅದಕ್ಕೆ ಆಪ್ಷನ್ ಅಂತಾರೆ. ಗೀಟು ಎಫ್ ಎಂದರೆ ತಿದ್ದಿದ್ದನ್ನು ಇಂಥ ಹೆಸರಿನಲ್ಲಿ ಇಡು ಎಂದು. ಗೀಟು ಎಲ್ ಎಂದರೆ ಏನೇನು ಮಾಡಿದೆಯೋ ಬರೆದು ತೋರಿಸು ಎಂದು. ಗೀಟು ಡಿ ಎಂದರೆ ಮುಂದೆ ಎಲ್ಲಾದರೂ ಎಡವಿದರೆ ನಾನು ಬರೆದ ಯಾವ ಸಾಲಿನಲ್ಲಿ ಎಡವಿದೆ ಅಂತ ಹೇಳು ಎಂದು. ಒಂದೊಂದು ಅಕ್ಷರವೂ ಒಂದೊಂದು ಅಪ್ಪಣೆ. ನನಗೆ ಇದು ಬಹಳ ಚೆಂದ ಕಂಡಿತು. ಮನುಷ್ಯರಿಗೂ ಹೀಗೆ ಗೀಟು ಹಾಕುವಂತಿದ್ದರೆ? ಯಜಮಾನರನ್ನು ಊಟಕ್ಕೆ ಕರೆಯುವಾಗ ಪಕ್ಕದಲ್ಲಿ ಒಂದು ಅಕ್ಷರ ಸೇರಿಸಿದರೆ, ತಿಂದಾದ ಮೇಲೆ ಹೇಗಿತ್ತು ಎಂದು ಅವರೇ ಹೇಳುವಂತಿದ್ದರೆ?

ಸುಮಾ ಒಂದು ಸಲ ದಲ್ಲಾಳಿಯನ್ನು ಕರೆದಳೆಂದರೆ ಅವನು ಕೆಲಸ ಮುಗಿಸುವವರೆಗೆ ಕಾಯಬೇಕು. ಪರದೆಯ ಮೇಲೆ ಹಸಿರು ಚೌಕವೊಂದು ಮಿಣುಕುತ್ತಾ ಇತ್ತು. ನಾನು ಅದನ್ನೇ ನೋಡುತ್ತಾ ಕೂತೆ. ಗುಂಯ್ ಸದ್ದು ಕಿವಿಯೊಳಗೇ ಇಳಿದು ಅಲ್ಲೇ ಕೂತಿತು. ಕಣ್ಣು ಯಾವಾಗ ಮುಚ್ಚಿಕೊಂಡಿತೋ ತಿಳಿಯಲಿಲ್ಲ.

ಕನಸಿನಲ್ಲಿ ಆ ಮಿಷನ್ನಿನ ಒಳಗೆ ಸುಂಕದಕಟ್ಟೆ ಅತ್ತೆ ಮಣೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಎಲೆ ಅಡಿಕೆ ತಟ್ಟೆ. ಈಚೆ ಕಡೆಯಿಂದ ನಮ್ಮ ಬಳಗದವರೆಲ್ಲ ಬರಿಗಾಲಲ್ಲಿ ಸಾಲಾಗಿ ಬಂದು ಒಬ್ಬೊಬ್ಬರೂ ಒಂದೊಂದು ಮಾತು ಅತ್ತೆಯ ಕೈಗೆ ಕೊಡುತ್ತಿದ್ದರು. ಹಸಿರು ಬಣ್ಣದ ಮಾತುಗಳು. ಅತ್ತೆ ಹುರುಳಿಕಾಯಿ ಸೋಸುವ ಹಾಗೆ ಪ್ರತಿ ಮಾತಿನ ತುದಿಯನ್ನೂ ಪಟ್ ಎಂದು ಮುರಿದು, ನಾರು ತೆಗೆದು, ಉಳಿದದ್ದನ್ನು ಆಚೆ ಕಡೆಗೆ ದಾಟಿಸುತ್ತಿದ್ದರು. ಆಚೆ ಕಡೆಯವರು ಸಂತೋಷದಿಂದ ತೆಗೆದುಕೊಂಡು ಹೋಗುತ್ತಿದ್ದರು. ಅತ್ತೆಯ ಮಡಿಲಲ್ಲಿ ತುದಿಗಳು ರಾಶಿ ಬಿದ್ದಿದ್ದವು. ನನ್ನದೂ ಅದರಲ್ಲಿ ಇದೆಯಾ ಎಂದು ಬಗ್ಗಿ ಹುಡುಕುತ್ತಿದ್ದೆ. ಯಾರಿಗೂ ಅವಸರವಿರಲಿಲ್ಲ. ಕನಸಿನ ತುಂಬ ಮಲ್ಲಿಗೆ ವಾಸನೆ.

"ಅಕ್ಕ, ಗೊರಕೆ ಹೊಡೀತಿದೀಯ" ಎಂದಳು ಸುಮಾ.

"ಆ ದಲ್ಲಾಳಿ ನಿಂಗೆ ಏನೂ ಹೇಳಲೇ ಇಲ್ವೇನೇ? ಬಾಲ ಕತ್ತರಿಸ್ತೀನಿ ಅಂತ?" ಎಂದು ಕೇಳಿದೆ, ನಿದ್ದೆಗಣ್ಣಲ್ಲೇ.

"ಪೂರ್ತಿ ತಪ್ಪಿದ್ರೆ ಹೇಳುತ್ತೆ, ನಿಲ್ಲಿಸಿಬಿಡುತ್ತೆ. ಬರೀ ಅನುಮಾನ ಇದ್ರೆ..." ಅವಳ ಕೈ ಅಲ್ಲೇ ನಿಂತಿತು. ದಪ್ಪನೆಯ ಜೆರಾಕ್ಸ್ ಪುಸ್ತಕವನ್ನು ಎಳೆದುಕೊಂಡು, ಆಪ್ಷನ್‌ಗಳ ಪುಟದ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಇಳಿದಳು. ಆ ಕೋಣೆಯಲ್ಲಿ ಎಲ್ಲರೂ ಹೊಡೆಯುವುದು ಒಂದೇ ಸಾಲಂತೆ. ಮೊದಲು ಇದ್ದವರು ಹೇಳಿಕೊಟ್ಟದ್ದು, ಇವಳೂ ಕಲಿತದ್ದು. ಬೇರೆ ಅಕ್ಷರಗಳ ಗೊಡವೆಗೆ ಯಾರೂ ಹೋಗಿರಲಿಲ್ಲ.

"ಗೀಟು ಡಬ್ಲ್ಯು" ಎಂದಳು. "ವಾರ್ನಿಂಗ್ ಇದ್ರೆ ತೋರಿಸು ಅಂತ. ಹಾಕದಿದ್ರೆ ತೋರಿಸಲ್ಲ ಅಕ್ಕ. ಸುಮ್ನೆ ಇರುತ್ತೆ. ನಾವಾಗೇ ಕೇಳಬೇಕು."

ಹಾಕಿದಳು. ಪರದೆ ತುಂಬಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ದಲ್ಲಾಳಿ ಒಂದೇ ಸಮನೆ ಹೇಳತೊಡಗಿದ. ಇಲ್ಲಿ ಜಾಗ ಚಿಕ್ಕದು, ಅಲ್ಲಿಂದ ಬರುವ ಹೆಸರು ದೊಡ್ಡದು, ಹಿಡಿಯುವುದಿಲ್ಲ. ಇಲ್ಲೂ ಹಾಗೇ, ಅಲ್ಲೂ ಹಾಗೇ. ಸುಮಾ ಗಲ್ಲದ ಮೇಲೆ ಕೈಯಿಟ್ಟುಕೊಂಡು ಓದಿದಳು. ಗೇರ್ ಕವರಿನ ಹೆಸರಿಗೆ ಅವಳು ಕೊಟ್ಟಿದ್ದ ಜಾಗವೇ ಸಾಲುತ್ತಿರಲಿಲ್ಲ.

"ನೋಡು, ಎಲ್ಲಾ ಗೊತ್ತಿತ್ತು ಇದಕ್ಕೆ" ಎಂದಳು.

"ಥೇಟ್ ನಮ್ಮತ್ತೆ" ಎಂದೆ ನಾನು. ಕನಸು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ ನೋಡಿ, ಬಾಯಿಗೆ ಬಂದದ್ದು ಅಂದುಬಿಟ್ಟೆ.

ಸುಮಾ ನನ್ನನ್ನೇ ನೋಡಿದಳು. ಆಮೇಲೆ ಜಾಗ ದೊಡ್ಡದು ಮಾಡಿ, ಮತ್ತೆ ಓಡಿಸಿ, ಲೆಫ್ಟೂ ರೈಟೂ ಬಂದದ್ದನ್ನು ಮ್ಯಾನೇಜರರಿಗೆ ತೋರಿಸಿ ಬಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರೆ ಬಿಸಿಲು ಬಾಗಿತ್ತು. ರಸ್ತೆಯ ಉದ್ದಕ್ಕೂ ಹೊಂಗೆ ಹೂವು ಉದುರಿ, ಕಾಲಿಟ್ಟಲ್ಲೆಲ್ಲ ಮೆತ್ತಗೆ ಚಿಟಿಚಿಟಿ ಎನ್ನುತ್ತಿತ್ತು. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು.

"ವಿಜಯನಗರದವರು ಅತ್ತೆ ಹತ್ರ ಸರಿಯಾಗಿ ಏನಂದ್ರಂತೆ?" ಎಂದಳು.

"ಕೆಲಸಕ್ಕೆ ಹೋಗಲಿ ಅಂದ್ರಂತೆ."

"ಅಷ್ಟೇನಾ?"

"ಅಷ್ಟೇ ಅಂದ್ರಪ್ಪ ಅತ್ತೆ."

ಅವಳು ಕಿಟಕಿಯಾಚೆ ತಿರುಗಿದಳು. ಆ ಹುಡುಗನ ಫೋಟೋ ಅವಳ ಬ್ಯಾಗಿನಲ್ಲೇ ಇದೆ ಎಂದು ನನಗೆ ಗೊತ್ತಿತ್ತು.

ಗಂಡಿನವರು ಹೇಳಿದ ಸಮಯಕ್ಕೇ ಬಂದರು. ಪ್ರಭಾಕರನನ್ನು ನೋಡಿದರೆ ಯಾರೂ ಬೇಡ ಅನ್ನುವಂತಿಲ್ಲ. ಮೆಲುಮಾತು, ತಾಯಿಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿ ಕರೆತಂದ. ಸುಮಾ ರೇಷ್ಮೆ ಸೀರೆಯುಟ್ಟು ಕಾಫಿ ತಂದಳು. ಕೇಸರಿಬಾತು ಚೆನ್ನಾಗಿದೆ ಎಂದರು, ಅದನ್ನು ಹುಡುಗಿಯೇ ಮಾಡಿದ್ದು ಎಂದರು ಅತ್ತೆ. (ಹುಡುಗಿ ಆಗ ಎಲ್ಲಿದ್ದಳೆಂದು ನಿಮಗೆ ಗೊತ್ತು.) "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದು ಅಪ್ಪ ಹುಡುಗನಿಗೆ ಹೇಳಿದರು. ಹುಡುಗಿಗೆ ಹಾಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹುಡುಗ, ಕೇಳೋದೇನೂ ಇಲ್ಲ ಎಂದು ನಕ್ಕ.

"ನಾನು ಒಂದು ಕೇಳ್ಲಾ?" ಎಂದಳು ಸುಮಾ.

ಎಲ್ಲರೂ ಅವಳ ಕಡೆ ತಿರುಗಿದರು.

"ನನ್ನ ಕೆಲಸದ ಬಗ್ಗೆ ನೀವು ಅತ್ತೆ ಹತ್ರ ಏನು ಹೇಳಿ ಕಳಿಸಿದ್ರಿ? ಪೂರ್ತಿ ಹೇಳ್ತೀರಾ?"

"ಏ, ಅದೆಲ್ಲ ಮಾತಾಡಿ ಆಗಿದೆಯಲ್ಲೇ" ಎಂದರು ಅತ್ತೆ.

ಪ್ರಭಾಕರ ಕಾಫಿ ಲೋಟ ಕೆಳಗಿಟ್ಟ. "ಈಗ ಹೋಗಲಿ ಅಂತ ಹೇಳಿದ್ದೆ. ದಸರಾ ಆದ ಮೇಲೆ ಬಿಡಬೇಕಾಗುತ್ತೆ ಅಂತಲೂ ಹೇಳಿದ್ದೆ. ಅಮ್ಮಂಗೆ ಆಗಾಗ ತಲೆಸುತ್ತು ಬರುತ್ತೆ. ಹಿಂದೆ ಬಚ್ಚಲಲ್ಲಿ ಬಿದ್ದಿದ್ರು. ಹಗಲು ಹೊತ್ತು ಜೊತೆಯಲ್ಲಿ ಯಾರಾದ್ರೂ ಇರಬೇಕು. ನಿಮಗೆ ಇದು ಗೊತ್ತಿದೆ ಅಂದ್ಕೊಂಡಿದ್ದೆ."

"ಗೊತ್ತಿರಲಿಲ್ಲ. ನಾನೂ ಒಂದು ಹೇಳಿ ಕಳಿಸಿದ್ದೆ. ಮದುವೆ ಆದ ಮೇಲೂ ಕೆಲಸ ಬಿಡಲ್ಲ ಅಂತ. ನಿಮಗೆ ತಲುಪ್ತಾ?"

"ಇಲ್ಲಮ್ಮ" ಎಂದರು ತಾಯಿ. "ಹುಡುಗಿಗೆ ಕೆಲಸ ಅಂದ್ರೆ ಇಷ್ಟ ಅಂದ್ರು. ಅಷ್ಟೇ."

ಅಪ್ಪ ಅತ್ತೆಯನ್ನು ನೋಡಿದರು. ಅತ್ತೆ ಎಲೆಗೆ ಸುಣ್ಣ ಸವರುತ್ತಾ, "ನಾನೇನು ಸುಳ್ಳು ಹೇಳಿದೀನಾ? ಹೋಗಲಿ ಅಂದಿದ್ದು ನಿಜ ತಾನೆ? ಇವಳಿಗೆ ಇಷ್ಟ ಇರೋದೂ ನಿಜ ತಾನೆ? ಒಂದು ಮನೆಯಲ್ಲಿ ಬಾಳೋಕೆ ಶುರು ಮಾಡಿದ್ರೆ ಎಲ್ಲಾ ತಾನಾಗೇ ಸರಿಹೋಗುತ್ತೆ" ಎಂದರು. ನಿಜವೇ. ಅತ್ತೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಗೇರ್ ಕವರ್ ಎನ್ನುವುದೂ ಸುಳ್ಳಲ್ಲ.

ಆ ತಾಯಿಯ ಮುಖ ನೋಡಿ ನನಗೆ ಸಂಕಟವಾಯಿತು. ಸುಮಾಗೂ ಆಗಿರಬೇಕು. "ಈಗ ಹಗಲು ಹೊತ್ತು ಯಾರಿರ್ತಾರೆ ಆಂಟಿ?" ಎಂದು ಕೇಳಿದಳು. "ಪಕ್ಕದ ಮನೆಯವರು ಆಗಾಗ ಬಂದು ನೋಡ್ತಾರಮ್ಮ. ದಸರಾಗೆ ಅವರೂ ಮನೆ ಖಾಲಿ ಮಾಡ್ತಾರೆ" ಎಂದರು ಅವರು. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು, ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಹೇಳುತ್ತಿದ್ದರು. "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ" ಎಂದಳು ಸುಮಾ. "ಆದ್ರೆ ಬಿಡ್ತೀನಿ ಅಂತ ಹೇಳಿ ಆಮೇಲೆ ದಿನಾ ಕೊರಗಿದ್ರೆ ನಿಮಗೂ ಕಷ್ಟ, ನನಗೂ ಕಷ್ಟ. ನಾನು ಬಿಡಲ್ಲ."

ಹೊರಡುವಾಗ ಪ್ರಭಾಕರ ಶೂ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತ ಸುಮಾಳನ್ನು ಕೇಳಿದ, "ನಿಮ್ಮ ಕಂಪ್ಯೂಟರ್ ರೂಮಿಗೆ ಎಲ್ಲರೂ ಬರಿಗಾಲಲ್ಲಿ ಹೋಗ್ತಾರಂತೆ, ಹೌದಾ?"

"ಹೌದು. ಮ್ಯಾನೇಜರೂ" ಎಂದು ಅವಳು ನಕ್ಕಳು. ಅವನೂ ನಕ್ಕ. ಅವತ್ತು ಇಡೀ ಸಂಜೆಯಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ಒಳ್ಳೆಯ ಹುಡುಗ. ಅದೇ ನನಗೆ ಬೇಜಾರು.

"ಹೋಗಿ ಕಾಗದ ಬರೀತೀವಿ" ಎಂದರು ತಾಯಿ. ವಿಜಯನಗರದಿಂದ ಬಸವೇಶ್ವರನಗರಕ್ಕೆ ಕಾಗದ. ಒಂದು ಬಸ್ಸಿನ ದೂರ. ಈ ಮಾತಿನ ಅರ್ಥ ಏನೆಂದು ಹೆಣ್ಣು ಹೆತ್ತ ಎಲ್ಲ ಮನೆಯವರಿಗೂ ಗೊತ್ತು. ಅಮ್ಮ ಉಳಿದ ಕೇಸರಿಬಾತನ್ನು ಡಬ್ಬಿಗೆ ತುಂಬುತ್ತಾ ಅತ್ತರು. ಸುಮಾ ರೇಷ್ಮೆ ಸೀರೆ ಮಡಿಸಿಟ್ಟು, ಅಮ್ಮನ ಪಕ್ಕ ಬಂದು ನಿಂತು, ತಾನೂ ಸ್ವಲ್ಪ ಅತ್ತಳು. ಅವಳು ಅಳಲಿಲ್ಲ ಎಂದು ಬರೆದಿದ್ದರೆ ನಿಮಗೆ ಹಿಡಿಸುತ್ತಿತ್ತೇನೋ. ಆದರೆ ಈ ವಾರ ಬಾಲ ಕತ್ತರಿಸುವುದಕ್ಕೆ ನನಗೆ ಮನಸ್ಸಿಲ್ಲ.

ಮನೆಗೆ ಬಂದು ಯಜಮಾನರನ್ನು ಕೇಳಿದೆ, "ಇಷ್ಟು ವರ್ಷದಲ್ಲಿ ನನಗೆ ಹೇಳಬೇಕು ಅಂದ್ಕೊಂಡು ಹೇಳದೇ ಇರೋದು ಏನಾದ್ರೂ ಇದೆಯಾ?" ಅವರು ಪೇಪರ್ ಮಡಿಸಿಟ್ಟರು. "ನೀನು ಕೇಳಲೇ ಇಲ್ಲವಲ್ಲ" ಎಂದರು. ಆಮೇಲೆ ಮಾತಾಡಿದರು. ಹಾಲು ಹೆಪ್ಪು ಹಾಕುವುದನ್ನೂ ಮರೆತು ನಾನು ಕೇಳುತ್ತಾ ಕೂತೆ. (ಏನು ಹೇಳಿದರು ಎಂದು ಕೇಳಬೇಡಿ. ಸಾರಿನ ಉಪ್ಪಿನ ವಿಷಯವೂ ಇತ್ತು ಎಂದಷ್ಟೇ ತಿಳಿಯಿರಿ.)

ಸೋಮವಾರ ಸುಮಾ ಎಂದಿನ ಬಸ್ಸಿಗೇ ಹೋದಳು. ಈಗ ಆ ಕೋಣೆಯಲ್ಲಿ ಎಲ್ಲರೂ ಗೀಟು ಡಬ್ಲ್ಯು ಹಾಕುತ್ತಾರಂತೆ. ಪರದೆ ತುಂಬಾ ದಲ್ಲಾಳಿಯ ತಕರಾರು, ಕೆಲಸ ನಿಧಾನವಾಗಿದೆ ಎಂದು ಮ್ಯಾನೇಜರ್ ಗೊಣಗುತ್ತಾರಂತೆ. ವಿಜಯನಗರದ ಕಾಗದ ಇನ್ನೂ ಬಂದಿಲ್ಲ. ಪೋಸ್ಟಿನವನ ಸೈಕಲ್ ಬೆಲ್ ಕೇಳಿದರೆ ಅಮ್ಮ ಈಗಲೂ ಗೇಟಿಗೆ ಹೋಗುತ್ತಾರೆ.

ನಿನ್ನೆ ಸಂಜೆ ಅತ್ತೆ ನನ್ನ ಮನೆಗೆ ಬಂದಿದ್ದರು. ಕೋಪ ಇಳಿದಿತ್ತು, ದುಃಖ ಇಳಿದಿರಲಿಲ್ಲ. ಕಾಫಿ ಲೋಟ ಹಿಡಿದುಕೊಂಡು, "ಅವಳು ಬಾಯಿ ಮುಚ್ಕೊಂಡು ಕೂತಿದ್ರೆ ಈ ಮದುವೆ ಆಗಿಹೋಗ್ತಿತ್ತು ಕಣೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಹೌದು ಅತ್ತೆ, ಆಗಿಹೋಗುತ್ತಿತ್ತು. ಆಮೇಲೆ?